ನೆನಪಿನ ಕೆಳಗೊಂದು ನೆನಪು

ನೆನಪಿನ ತೊಂದರೆಯೆಂದು ಆಸ್ಪತ್ರೆಗೆ ಬರುವವರನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡುವುದು, ಆಮೇಲೆ ಅವರನ್ನು ಹೇಗೆ ನೋಡಿಕೊಳ್ಳಬೇಕೆಂದು ಮನೆಯವರಿಗೆ ತಿಳಿಹೇಳುವುದು ನನ್ನ ಕೆಲಸ. ನರರೋಗ ವೈದ್ಯರು ಎಂಆರ್‌ಐ ನೋಡುತ್ತಾರೆ, ಮಾತ್ರೆ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞೆಯಾದ ನನ್ನ ಮೇಜಿನ ಮೇಲಿರುವುದು ಪೆನ್ಸಿಲ್ಲು, ಬಿಳಿ ಹಾಳೆ, ಚಿತ್ರಗಳ ಒಂದು ಕಟ್ಟು. ಇಷ್ಟನ್ನೇ ಇಟ್ಟುಕೊಂಡು ಒಬ್ಬರ ಮನಸ್ಸಿನಲ್ಲಿ ಏನು ಹೋಗಿದೆ, ಏನು ಉಳಿದಿದೆ ಎಂದು ಹುಡುಕಬೇಕು.

ಹೋದದ್ದರ ಲೆಕ್ಕವನ್ನು ಮನೆಯವರೇ ತರುತ್ತಾರೆ. ಉಳಿದದ್ದರ ಲೆಕ್ಕ ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ. “ನನಗೆ ನೆನಪಿದೆ” ಎಂದು ಬಾಯಿಬಿಟ್ಟು ಹೇಳಬಹುದಾದ ನೆನಪು ಮನಸ್ಸಿನ ಮೇಲ್ಪದರ ಮಾತ್ರ. ಅದರ ಕೆಳಗೆ, ನಮ್ಮ ಅರಿವಿಗೆ ಬಾರದೆ ದುಡಿಯುವ ನೆನಪು ಇನ್ನೊಂದಿದೆ. ಕೈಕೆಲಸ, ಹೆದರಿಕೆ, ನಂಬಿಕೆ, ಒಬ್ಬರನ್ನು ಕಂಡರೆ ಹುಟ್ಟುವ ಆಪ್ತತೆ ಇವೆಲ್ಲ ಬಹುಪಾಲು ಅದರ ಆಸರೆಯಲ್ಲಿವೆ. ಕಾಯಿಲೆ ಮೇಲ್ಪದರವನ್ನು ತಿನ್ನುತ್ತಿರುವಾಗಲೂ ಕೆಳಗಿನದು ಎಷ್ಟೋ ಕಾಲ ಗಟ್ಟಿಯಾಗಿರುತ್ತದೆ. ನೋಡಿಕೊಳ್ಳುವವರು ಇದನ್ನು ತಿಳಿದಿರಲೇಬೇಕು ಎಂಬ ಆಸೆಯಿಂದ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ನೆನಪಿಗಿಂತ ಮೊದಲು ಗಮನವನ್ನು ನೋಡಬೇಕು

ಮೂವತ್ತು, ನಲವತ್ತರ ವಯಸ್ಸಿನವರು ಈಚೆಗೆ ಬಹಳ ಬರುತ್ತಿದ್ದಾರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಗೊತ್ತಾಗುವುದಿಲ್ಲ, ಮೀಟಿಂಗಿನಲ್ಲಿ ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಅಜ್ಜನಿಗೆ ಮರೆವಿನ ಕಾಯಿಲೆ ಇತ್ತು, ನನಗೂ ಶುರುವಾಯಿತೇ ಎಂಬ ಭಯ. ಅಂಕಿಗಳ ಸಾಲನ್ನು ಓದಿ ಹಿಂದುಮುಂದಾಗಿ ಹೇಳಿಸುತ್ತೇನೆ. ಒಂದು ಕತೆ ಹೇಳಿ ಅರ್ಧ ಗಂಟೆ ಬಿಟ್ಟು ಕೇಳುತ್ತೇನೆ. ಬಹುತೇಕರು ಅಂಕಿಗಳಲ್ಲಿ ಎಡವುತ್ತಾರೆ, ಕತೆಯನ್ನು ಮಾತ್ರ ಚೆನ್ನಾಗಿಯೇ ಹೇಳುತ್ತಾರೆ. ಎಂದರೆ ಒಳಗೆ ಹೋದದ್ದು ಉಳಿಯುತ್ತಿದೆ, ಒಳಗೆ ಹೋಗುವುದೇ ಕಷ್ಟವಾಗಿದೆ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಏಳರ ಆಸುಪಾಸು ಸಂಗತಿಗಳನ್ನು ಎಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದ್ದಾರೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಸಾಲದ ಕಂತು, ಮಗುವಿನ ಜ್ವರ, ಫೋನಿನ ಸದ್ದು ಕೂತುಬಿಟ್ಟರೆ ಗ್ಯಾಸಿನ ಗುಂಡಿಗೆ ಎಡೆಯೆಲ್ಲಿ?

ಗಮನದ ಶಕ್ತಿಯನ್ನು ನೋಡಬೇಕೆಂದರೆ ನಮ್ಮಲ್ಲಿ ಒಂದು ಅಷ್ಟಾವಧಾನಕ್ಕೆ ಹೋಗಿ ಕೂರಬೇಕು. ಶತಾವಧಾನಿ ಆರ್. ಗಣೇಶರಂಥವರು ಪದ್ಯಗಳನ್ನು ಪಾದ ಪಾದವಾಗಿ, ಸುತ್ತು ಸುತ್ತಾಗಿ ಕಟ್ಟುತ್ತಾರೆ. ನಿಷೇಧಾಕ್ಷರಿಯ ಪೃಚ್ಛಕರು ಅಕ್ಷರ ಅಕ್ಷರಕ್ಕೂ ತಡೆ ಹಾಕುತ್ತಾರೆ, ಅಪ್ರಸ್ತುತ ಪ್ರಸಂಗದವರು ನಡುನಡುವೆ ಮಾತಿಗೆಳೆಯುತ್ತಾರೆ. ಕೊನೆಗೆ ಧಾರಣೆಯಲ್ಲಿ ಪೂರ್ತಿ ಪದ್ಯಗಳು ಹೊರಬರುತ್ತವೆ. ಛಂದಸ್ಸು ವರ್ಷಗಳ ಅಭ್ಯಾಸದಿಂದ ಕೆಳಪದರಕ್ಕಿಳಿದು ತಾನಾಗಿ ನಡೆಯುತ್ತಿರುತ್ತದೆ. ಆದ್ದರಿಂದಲೇ ಮೇಲಿನ ಗಮನ ಹೊಸ ತಡೆಗಳನ್ನು ಎದುರಿಸಲು ಬಿಡುವಾಗಿರುತ್ತದೆ.

2. ಪ್ರಶ್ನೆ ರೋಗಿಯ ಬದುಕಿನಿಂದಲೇ ಬರಬೇಕು

“ಇವತ್ತು ತಾರೀಖು ಎಷ್ಟು?” ಎಂಬುದು ಎಲ್ಲ ಪರೀಕ್ಷೆಗಳಲ್ಲೂ ಇರುವ ಪ್ರಶ್ನೆ. ಓದುಬರಹವಿಲ್ಲದ ಒಬ್ಬ ರೈತರಿಗೆ ಜುಲೈಯಲ್ಲಿ ಇದನ್ನು ಕೇಳಿದಾಗ ಅವರು ತಲೆಯಾಡಿಸಿದರು. “ಮಳೆ ಯಾವುದು ನಡೀತಾ ಇದೆ ಯಜಮಾನ್ರೇ?” ಎಂದೆ. “ಪುನರ್ವಸು ಹುಟ್ಟಿ ನಾಕು ದಿನ ಆಯ್ತಲ್ಲ ತಾಯಿ, ಇನ್ನೂ ಹನಿ ಬಿದ್ದಿಲ್ಲ” ಎಂದರು. ಲೆಕ್ಕ ಹಾಕಿ ನೋಡಿದರೆ ಸರಿಯಾಗಿತ್ತು. ಕಾಲದ ಅರಿವು ಅವರಿಗೆ ನಮ್ಮಷ್ಟೇ ಇದೆ, ಅಳತೆಗೋಲು ಮಾತ್ರ ಬೇರೆ. ಅಕ್ಷರ ಬಾರದವರಿಗೆ ಪಾಶ್ಚಾತ್ಯ ಪರೀಕ್ಷೆಗಳು ಅನ್ಯಾಯ ಮಾಡುತ್ತವೆಂದೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಅಧ್ಯಯನಕ್ಕಾಗಿ ಹಿಂದಿಯಲ್ಲಿ ಬೇರೆಯದೇ ಪರೀಕ್ಷೆಯನ್ನು ರೂಪಿಸಿದರು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಿರಿಯರ ಮಿದುಳಿನ ಆರೋಗ್ಯವನ್ನು ವರ್ಷಗಳ ಕಾಲ ಬೆನ್ನುಹತ್ತಿ ನೋಡುವ ಅಧ್ಯಯನವನ್ನು ನಡೆಸುತ್ತಿದೆ.

ಭಾಷೆಯ ಮಾತೂ ಇದಕ್ಕೇ ಸೇರುತ್ತದೆ. ಕಚೇರಿಯಲ್ಲಿ ಜೀವಮಾನವಿಡೀ ಕನ್ನಡ, ಇಂಗ್ಲಿಷ್ ಬಳಸಿದವರು ಕಾಯಿಲೆ ಮುಂದುವರಿದಂತೆ ತಾಯಿಯ ಮಡಿಲಲ್ಲಿ ಕಲಿತ ತುಳುವಿಗೋ ಕೊಂಕಣಿಗೋ ಉರ್ದುವಿಗೋ ಮರಳುವುದನ್ನು ಕಂಡಿದ್ದೇನೆ. ಹೊಸದು ಮೊದಲು ಹೋಗಿ ಹಳೆಯದು ಕೊನೆಗೆ ಹೋಗುತ್ತದೆ ಎಂದು ಫ್ರಾನ್ಸಿನ ಥಿಯೊಡ್ಯೂಲ್ ರಿಬೊ 1881ರಷ್ಟು ಹಿಂದೆಯೇ ಬರೆದಿದ್ದರು. ಎರಡು ಭಾಷೆಗಳ ಬದುಕು ಮಿದುಳಿಗೆ ಒಳ್ಳೆಯದನ್ನೇ ಮಾಡುವಂತೆ ಕಾಣುತ್ತದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತೆಂಬುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

3. ತಲೆ ಮರೆತದ್ದನ್ನು ಕೈ ಮರೆತಿರಬೇಕೆಂದಿಲ್ಲ

ಸಂತೆಯಲ್ಲಿ ಹೂ ಮಾರಿಕೊಂಡು ಮಕ್ಕಳನ್ನು ಸಾಕಿದ ಒಬ್ಬ ಅಜ್ಜಿಯನ್ನು ಮಗಳು ಕರೆತಂದಿದ್ದರು. ಬೆಳಿಗ್ಗೆ ತಿಂದದ್ದು ನೆನಪಿಲ್ಲ. ಬಾಳೆಹಣ್ಣು, ಬಸ್ಸು, ಕೊಡ ಎಂದು ಮೂರು ಹೆಸರು ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ ನಾನು ಹೆಸರು ಹೇಳಿದ್ದೇ ನೆನಪಿಲ್ಲ. ಗಡಿಯಾರ ಬರೆಯಲು ಕೊಟ್ಟ ಹಾಳೆ ಖಾಲಿ. ಮುಂದಿನ ಸಲ ಬರುವಾಗ ಮಗಳಿಗೆ ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆನಾರು ತರಲು ಹೇಳಿದ್ದೆ.

ಅಜ್ಜಿಯ ಮುಂದೆ ಮೊರದಲ್ಲಿ ಮೊಗ್ಗು ಸುರಿದಾಗ ಅವರು ಏನೂ ಕೇಳಲಿಲ್ಲ. ನಾರನ್ನು ಬೆರಳಲ್ಲಿ ಎಳೆದು ಗಟ್ಟಿಯಿದೆಯೇ ನೋಡಿದರು. ಎರಡು ಮೊಗ್ಗು ಈ ಕಡೆ ತಲೆ, ಎರಡು ಆ ಕಡೆ ತಲೆ, ಹೆಬ್ಬೆರಳಿನಿಂದ ಅದುಮಿ ಹಿಡಿದು ನಾರಿನ ಒಂದು ಸುತ್ತು, ಒಂದು ಕುಣಿಕೆ, ಬಿಗಿ. ಬಾಡಿದ ಮೊಗ್ಗು ಕೈಗೆ ಬಂದರೆ ಕಣ್ಣಿಟ್ಟು ನೋಡದೆಯೇ ಪಕ್ಕಕ್ಕೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಅಳೆದು, “ಮೊಳಕ್ಕೆ ನಾಲ್ಕಾಣೆ” ಎಂದು ನನ್ನ ಕಡೆ ಚಾಚಿದರು. ಮಗಳು ಅಳತೊಡಗಿದರು. ಮನೆಯಲ್ಲಿ ಅವ್ವನ ಕೈಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲವಂತೆ, ಎಲ್ಲ ಹಾಳುಮಾಡುತ್ತಾಳೆಂದು.

ಹೀಗೇಕೆ ಎಂಬುದನ್ನು ವಿಜ್ಞಾನಕ್ಕೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್ ಎಂಬ ಅಮೆರಿಕನ್. ಬದುಕಿದ್ದಷ್ಟು ಕಾಲ ಗ್ರಂಥಗಳಲ್ಲಿ ಅವರ ಹೆಸರು ಎಚ್.ಎಂ. ಎಂದಷ್ಟೇ ಇತ್ತು. ಹುಟ್ಟಿದ್ದು 1926ರಲ್ಲಿ. ತಡೆಯಲಾಗದ ಮೂರ್ಛೆರೋಗಕ್ಕೆ 1953ರಲ್ಲಿ ಹಾರ್ಟ್‌ಫರ್ಡಿನ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್, ಮೊಲೈಸನ್ ಅವರ ಮಿದುಳಿನ ಎರಡೂ ಬದಿಯ ಒಳಭಾಗವನ್ನು, ಹಿಪ್ಪೊಕ್ಯಾಂಪಸ್‌ನ ಬಹುಪಾಲನ್ನೂ ಸೇರಿಸಿ ತೆಗೆದರು. ಮೂರ್ಛೆ ಬಹಳಷ್ಟು ಕಡಿಮೆಯಾಯಿತು. ಆದರೆ ಅಂದಿನಿಂದ ಮೊಲೈಸನ್‌ಗೆ ಹೊಸ ಘಟನೆ ಯಾವುದೂ ಮನಸ್ಸಿನಲ್ಲಿ ಉಳಿಯಲಿಲ್ಲ. ಬುದ್ಧಿ ಚುರುಕಾಗಿತ್ತು, ಮಾತು ಸರಿಯಾಗಿತ್ತು. 584 ಎಂಬ ಅಂಕಿಯನ್ನು ಮನಸ್ಸಿನಲ್ಲೇ ಉರುಹೊಡೆಯುತ್ತ ಕಾಲು ಗಂಟೆ ಹಿಡಿದಿಟ್ಟುಕೊಳ್ಳಬಲ್ಲವರಾಗಿದ್ದರು. ಗಮನ ಬೇರೆಡೆ ಹೊರಳಿದರೆ ಅಂಕಿಯೂ ಹೋಯಿತು, ಅಂಕಿ ಕೊಟ್ಟಿದ್ದರೆಂಬುದೂ ಹೋಯಿತು.

ಕೆನಡಾದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್‌ಗೆ ಒಂದು ನಕ್ಷತ್ರದ ಚಿತ್ರ ಕೊಟ್ಟು, ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಷ್ಟೇ ನೋಡುತ್ತ ಅದರ ಅಂಚಿನಲ್ಲಿ ಗೆರೆ ಎಳೆಯಲು ಹೇಳಿದರು. ಮಾಡಿ ನೋಡಿದರೆ ಇದು ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ, ಪೆನ್ಸಿಲ್ಲು ಪ್ರತಿ ಮೂಲೆಯಲ್ಲೂ ತಪ್ಪು ದಿಕ್ಕಿಗೆ ಓಡುತ್ತದೆ. ಮೂರು ದಿನಗಳಲ್ಲಿ ಮೊಲೈಸನ್ ಅದನ್ನು ಸೊಗಸಾಗಿ ಕಲಿತರು. ಪ್ರತಿ ದಿನವೂ ಅವರ ಮಟ್ಟಿಗೆ ಅದು ಎಂದೂ ಮಾಡದ ಹೊಸ ಕೆಲಸ! ಮಿಲ್ನರ್ ಇದನ್ನು 1962ರಲ್ಲಿ ವರದಿ ಮಾಡಿದಾಗ ನೆನಪು ಒಂದೇ ಬಗೆಯದೆಂಬ ನಂಬಿಕೆ ಮುರಿಯಿತು. ಘಟನೆಗಳನ್ನು ಕಟ್ಟಿಡಲು ಹಿಪ್ಪೊಕ್ಯಾಂಪಸ್ ಬೇಕು. ಕೈಕೆಲಸ ಕಲಿಯುವುದು ಮಿದುಳಿನಾಳದ ಬೇಸಲ್ ಗ್ಯಾಂಗ್ಲಿಯಾ, ಕಿರುಮಿದುಳು ಮುಂತಾದ ಬೇರೆ ಭಾಗಗಳ ಕೆಲಸ, ಅದಕ್ಕೆ ಅರಿವಿನ ಅಪ್ಪಣೆ ಬೇಕಿಲ್ಲ. ಮೊಲೈಸನ್ 2008ರಲ್ಲಿ ತೀರಿಕೊಂಡ ಮೇಲೆ ಅವರ ಮಿದುಳನ್ನು 2,401 ತೆಳು ಪದರಗಳಾಗಿ ಕತ್ತರಿಸಿ ಕಾಪಿಟ್ಟಿದ್ದಾರೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಷ್ಟು ಸಹನೆಯಿಂದ ಪರೀಕ್ಷೆಗಳಿಗೆ ಕೂತ ಆ ಮನುಷ್ಯನಿಗೆ ನನ್ನ ವೃತ್ತಿಯವರೆಲ್ಲರೂ ಋಣಿಗಳು.

ಆಲ್ಜೈಮರ್ ಕಾಯಿಲೆ ಮೊದಲು ಮುಟ್ಟುವುದು ಹಿಪ್ಪೊಕ್ಯಾಂಪಸ್ಸಿನ ಸುತ್ತಲ ಜಾಗವನ್ನೇ. ಹೂ ಕಟ್ಟುವ ಕೈಯನ್ನು ಅದು ಮುಟ್ಟುವುದು ಬಹಳ ತಡವಾಗಿ. ಆದ್ದರಿಂದ ಅವರೆಕಾಯಿ ಬಿಡಿಸುವುದು, ಬತ್ತಿ ಹೊಸೆಯುವುದು, ಬಟ್ಟೆ ಮಡಚುವುದು, ಭಜನೆಗೆ ತಾಳ ಹಾಕುವುದು, ಯಾವುದು ಅವರ ಕೈಗೆ ಒಗ್ಗಿತ್ತೋ ಅದನ್ನು ಅವರ ಕೈಗೇ ಕೊಡಿ. ಹೇಗೆ ಮಾಡುತ್ತೀರಿ ಎಂದು ಕೇಳಬೇಡಿ, ಬಾಯಿಗೆ ಉತ್ತರ ಸಿಗದು. ಸಾಮಾನು ಮುಂದಿಡಿ, ಕೈ ತಾನೇ ಹೊರಡುತ್ತದೆ.

4. ನಡೆದದ್ದು ಮರೆತರೂ ಅದರ ನೋವು ಉಳಿಯುತ್ತದೆ

ಜಿನೀವಾದ ವೈದ್ಯ ಎಡ್ವರ್ಡ್ ಕ್ಲಾಪರೇಡ್ 1911ರಲ್ಲಿ ಬರೆದ ಒಂದು ಪ್ರಸಂಗವಿದೆ. ಅವರ ರೋಗಿಯಾಗಿದ್ದ ಮಹಿಳೆಗೆ ದಿನಾ ನೋಡುವ ವೈದ್ಯರ ಗುರುತೂ ನಿಲ್ಲುತ್ತಿರಲಿಲ್ಲ. ಒಂದು ದಿನ ಕ್ಲಾಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈ ಕುಲುಕಿದರು. ಆಕೆಗೆ ಚುಚ್ಚಿತು. ಸ್ವಲ್ಪ ಹೊತ್ತಿಗೆ ಆ ಘಟನೆ ಮನಸ್ಸಿನಿಂದ ಹೋಯಿತು. ಆಮೇಲೆ ಅವರು ಕೈ ಚಾಚಿದಾಗ ಮಾತ್ರ ಆಕೆ ತಟ್ಟನೆ ತನ್ನ ಕೈ ಹಿಂತೆಗೆದುಕೊಂಡರು. ಏಕೆಂದು ಕೇಳಿದರೆ ಕಾರಣ ತಿಳಿಯದು. ಇಂಥ ಪ್ರಯೋಗವನ್ನು ಇಂದು ಯಾವ ನೀತಿಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಅದರಿಂದ ಗೊತ್ತಾದದ್ದು ನಿಜ.

ಈಚೆಗೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಇದನ್ನೇ ಮೃದುವಾಗಿ ಪರೀಕ್ಷಿಸಿದರು. ಆಲ್ಜೈಮರ್ ರೋಗಿಗಳಿಗೆ ದುಃಖದ, ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಐದು ನಿಮಿಷದಲ್ಲಿ ಚಿತ್ರದ ವಿವರ ಹೆಚ್ಚುಕಡಿಮೆ ಅಳಿಸಿಹೋಗಿತ್ತು, ಮನಸ್ಸಿನ ಬೇಸರವೋ ಖುಷಿಯೋ ಅರ್ಧ ಗಂಟೆಯಾದರೂ ಇಳಿದಿರಲಿಲ್ಲ. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಚಿತ್ರವನ್ನು ಹೆಚ್ಚು ಮರೆತವರಲ್ಲಿ ದುಃಖ ಹೆಚ್ಚು ಹೊತ್ತು ಉಳಿದಿತ್ತು. ಏಕೆ ದುಃಖವಾಗುತ್ತಿದೆ ಎಂದು ಗೊತ್ತಿರುವವರು ‘ಅದು ಸಿನಿಮಾ’ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕಾರಣವೇ ತಿಳಿಯದಿದ್ದರೆ ಸಮಾಧಾನ ಹೇಳಿಕೊಳ್ಳುವುದಾದರೂ ಹೇಗೆ?

ಬೈದರೆ ಏನು ಮಹಾ, ಹೇಗೂ ಮರೆತುಬಿಡುತ್ತಾರೆ ಎನ್ನುವವರಿಗೆ ನಾನು ಈ ಎರಡು ಕತೆಗಳನ್ನೂ ಹೇಳುತ್ತೇನೆ. ಮಧ್ಯಾಹ್ನ ಗದರಿದ ಸೊಸೆ ಸಂಜೆ ಕಾಫಿ ತಂದಾಗ ಮಾವ ಲೋಟ ತಳ್ಳುತ್ತಾರೆ. ಹಟ ಎನ್ನುತ್ತಾರೆ ಮನೆಯವರು. ಮಾವನಿಗೆ ಗದರಿದ್ದು ನೆನಪಿಲ್ಲ, ಆ ಮುಖ ಕಂಡಾಗ ಒಳಗೆ ಏನೋ ಮುದುಡುತ್ತದೆ ಅಷ್ಟೆ. ಇದು ಒಳ್ಳೆಯದಕ್ಕೂ ಅನ್ವಯಿಸುತ್ತದೆ. ದಿನಾ ತಲೆಗೆ ಎಣ್ಣೆ ಹಚ್ಚುವ ಹುಡುಗಿಯ ಹೆಸರು ಗೊತ್ತಿಲ್ಲದಿದ್ದರೂ ಅವಳು ಬಂದರೆ ಅಜ್ಜಿಯ ಭುಜ ಸಡಿಲವಾಗುತ್ತದೆ.

ತೀರಿಹೋದ ಗಂಡನನ್ನು ಕುರಿತು “ಯಜಮಾನ್ರು ಬಂದ್ರಾ?” ಎಂದು ಕೇಳುವವರಿಗೆ ಪ್ರತಿಸಲವೂ ಸಾವಿನ ಸುದ್ದಿ ಹೇಳಿದರೆ ಪ್ರತಿಸಲವೂ ಅದು ಹೊಸ ಸಾವು. “ಅವರಿಗೆ ಯಾವ ಅಡುಗೆ ಇಷ್ಟ ಅಜ್ಜಿ?” ಎಂದು ಕೇಳಿ. ಅವರು ಕೇಳುತ್ತಿರುವುದು ಬಹುಪಾಲು ಆ ಮನುಷ್ಯನ ಸಾಮೀಪ್ಯವನ್ನು. ಮಾತು ಅಲ್ಲಿಗೆ ಹೋದರೆ ಮನಸ್ಸು ತಣಿಯುತ್ತದೆ.

5. “ನಾನ್ಯಾರು ಹೇಳು ನೋಡೋಣ” ಎಂದು ಕೇಳಬೇಡಿ

ಊರಿನಿಂದ ಬಂದ ನೆಂಟರೆಲ್ಲ ಹಾಸಿಗೆಯ ಪಕ್ಕ ನಿಂತು ಮೊದಲು ಕೇಳುವುದೇ ಇದನ್ನು. ಪ್ರೀತಿಯಿಂದಲೇ ಕೇಳುತ್ತಾರೆ. ತಲೆಗೆ ಕೆಲಸ ಕೊಟ್ಟರೆ ನೆನಪು ಚುರುಕಾಗುತ್ತದೆಂಬ ನಂಬಿಕೆ ಬೇರೆ. ಆರೋಗ್ಯವಂತರ ಮಟ್ಟಿಗೆ ಆ ನಂಬಿಕೆ ಸರಿಯೇ. ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿಟ್ಟು ನೆನಪಿಸಿಕೊಳ್ಳುವವರಿಗೆ ವಾರದ ಮೇಲೆ ಹೆಚ್ಚು ಉಳಿಯುತ್ತದೆ ಎಂದು ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾನೂ ಇದನ್ನೇ ಹೇಳುತ್ತೇನೆ.

ನೆನಪು ಕೆಟ್ಟವರಲ್ಲಿ ಇದು ತಿರುಗುಮುರುಗು. ಅವರು ಊಹಿಸಿ “ನೀನು ಸಾವಿತ್ರಿ” ಎಂದರೆಂದುಕೊಳ್ಳಿ. ಅದು ತಪ್ಪೆಂದು ನೀವು ತಿದ್ದಿದ್ದು ಮೇಲ್ಪದರಕ್ಕೆ ಹೋಗಬೇಕಾದದ್ದು, ಅಲ್ಲಿ ನಿಲ್ಲುವುದಿಲ್ಲ. ಬಾಯಿ ಆಡಿದ ಸಾವಿತ್ರಿ ಎಂಬ ಹೆಸರು ಕೆಳಪದರದಲ್ಲಿ ಅಚ್ಚೊತ್ತುತ್ತದೆ, ಅದಕ್ಕೆ ಸರಿತಪ್ಪಿನ ವಿವೇಚನೆಯಿಲ್ಲ. ನಾಳೆಯೂ ಸಾವಿತ್ರಿಯೇ ಬರುತ್ತದೆ. ಕೇಂಬ್ರಿಜ್‌ನ ಬ್ಯಾಡ್ಲೆ ಮತ್ತು ವಿಲ್ಸನ್ 1994ರಲ್ಲಿ ಇಂಥವರಿಗೆ ಊಹಿಸಲು ಅವಕಾಶವನ್ನೇ ಕೊಡದೆ, ಸರಿಯುತ್ತರವನ್ನು ಮೊದಲೇ ಹೇಳಿಕೊಟ್ಟು ಕಲಿಸಿದರೆ ಹೆಚ್ಚು ಕಲಿಯುತ್ತಾರೆಂದು ತೋರಿಸಿಕೊಟ್ಟರು. ನಾವು ಮನೆಯವರಿಗೆ ಹೇಳಿಕೊಡುವುದು ಇಷ್ಟು: ಬಾಗಿಲಲ್ಲೇ “ಅತ್ತೆ, ನಾನು ಗೀತಾ, ನಿಮ್ಮ ಕೊನೇ ತಮ್ಮನ ಮಗಳು, ಬಂದೆ” ಎನ್ನಿ. ಬಚ್ಚಲು ಎಲ್ಲಿದೆ ಎಂದು ಕೇಳಬೇಡಿ, ಕೈ ಹಿಡಿದು ಅದೇ ದಾರಿಯಲ್ಲಿ ಕರೆದೊಯ್ಯಿರಿ. ಬಾಗಿಲಿಗೆ ಚಿತ್ರ ಅಂಟಿಸಿ. ಸಾಮಾನು ಇಟ್ಟ ಜಾಗವನ್ನು ಬದಲಿಸಬೇಡಿ.

6. ತನಗೆ ಮರೆವಿದೆ ಎಂಬುದೇ ತಿಳಿಯದಿರಬಹುದು

ಒಬ್ಬರೇ ಬಂದು ತಮ್ಮ ಮರೆವನ್ನು ದಿನಾಂಕ ಸಹಿತ ವಿವರಿಸುವವರ ಬಗ್ಗೆ ನನಗೆ ಸಾಮಾನ್ಯವಾಗಿ ಅಷ್ಟು ಆತಂಕವಾಗುವುದಿಲ್ಲ. ಮನೆಯವರ ಒತ್ತಾಯಕ್ಕೆ ಬಂದು, “ನನಗೇನಾಗಿದೆ, ಇವರಿಗೇ ತಲೆ ಕೆಟ್ಟಿದೆ” ಎನ್ನುತ್ತ, ಪ್ರತಿ ಪ್ರಶ್ನೆಗೂ ಹೆಂಡತಿಯ ಮುಖ ನೋಡುವವರ ಬಗ್ಗೆ ಆಗುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ತನ್ನ ಸ್ಥಿತಿಯನ್ನು ಗಮನಿಸಿಕೊಳ್ಳುವ ಮಿದುಳಿನ ಭಾಗಗಳೇ ಪೆಟ್ಟು ತಿಂದಿವೆ. ಪಾರ್ಶ್ವವಾಯುವಿನಿಂದ ಎಡಗೈ ಬಿದ್ದುಹೋಗಿದ್ದರೂ ಕೈ ಸರಿಯಾಗಿದೆ ಎನ್ನುವವರನ್ನು ಫ್ರಾನ್ಸಿನ ಬಾಬಿನ್‌ಸ್ಕಿ 1914ರಲ್ಲೇ ವಿವರಿಸಿದ್ದರು. ನೆನಪಿನಲ್ಲಿಯೂ ಹಾಗೆಯೇ. ಬಿಟ್ಟುಹೋದ ಜಾಗವನ್ನು ಮನಸ್ಸು ತಾನೇ ಕತೆ ಹೆಣೆದು ತುಂಬುತ್ತದೆ. ಅತಿಯಾದ ಕುಡಿತ, ಬಿ1 ಜೀವಸತ್ವದ ಕೊರತೆ ಇರುವವರಲ್ಲಿ ಇದು ಎದ್ದು ಕಾಣುತ್ತದೆ. ವಾರದಿಂದ ವಾರ್ಡಿನಲ್ಲೇ ಮಲಗಿರುವವರು ನಿನ್ನೆ ಧರ್ಮಸ್ಥಳಕ್ಕೆ ಹೋಗಿಬಂದೆ ಎಂದು, ಬಸ್ಸಿನಲ್ಲಿ ಪಕ್ಕ ಕೂತವರ ಸಮೇತ ವರ್ಣಿಸುತ್ತಾರೆ. ಪುರಾವೆ ತೋರಿಸಿ ವಾದ ಗೆಲ್ಲಲು ಹೋಗಬೇಡಿ. ಅರಿವಿಲ್ಲದ ಜಾಗಕ್ಕೆ ಪುರಾವೆ ತಲುಪುವುದಿಲ್ಲ, ಸಿಟ್ಟು ಮಾತ್ರ ತಲುಪುತ್ತದೆ.

7. ದಿಢೀರನೆ ಬಂದ ಗೊಂದಲ ವಯಸ್ಸಿನದಲ್ಲ

ಇದನ್ನು ಓದುವವರು ಉಳಿದೆಲ್ಲ ಮರೆತರೂ ಇದೊಂದನ್ನು ಇಟ್ಟುಕೊಳ್ಳಿ. ಮೊನ್ನೆಯವರೆಗೆ ಪೇಪರ್ ಓದುತ್ತಿದ್ದ ತಂದೆ ನಿನ್ನೆ ರಾತ್ರಿಯಿಂದ ಗೋಡೆಯ ಮೇಲೆ ಇರುವೆ ಕಾಣುತ್ತಿದೆ ಎನ್ನುತ್ತಿದ್ದಾರೆ, ಬೆಳಿಗ್ಗೆ ಸ್ವಲ್ಪ ಸರಿ, ಸಂಜೆ ಮತ್ತೆ ಹಾಗೆಯೇ. ಇದನ್ನು ‘ಅರಳು ಮರಳು’ ಎಂದು ಬಿಡಬಾರದು. ವೈದ್ಯರು ಡೆಲಿರಿಯಂ ಎನ್ನುವುದು ಇದನ್ನೇ. ಇಲ್ಲಿ ಕೆಟ್ಟಿರುವುದು ಎಚ್ಚರದ ಮಟ್ಟ. ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದದ್ದು, ಸೊಂಟದ ಶಸ್ತ್ರಚಿಕಿತ್ಸೆ, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಏನು ಬೇಕಾದರೂ ಕಾರಣವಾಗಬಹುದು. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಬಹಳ ಸಲ ತಿಳಿಯಾಗುತ್ತದೆ, ತಡವಾದರೆ ಪ್ರಾಣಕ್ಕೇ ಅಪಾಯ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಡೆಲಿರಿಯಂ ಇದ್ದರೆ ಶನಿ, ಶುಕ್ರ ಎನ್ನುವಷ್ಟರಲ್ಲಿ ಗಮನ ಜಾರಿಹೋಗುತ್ತದೆ. ಕೂಗಾಡುವವರನ್ನು ಹೇಗೂ ಆಸ್ಪತ್ರೆಗೆ ತರುತ್ತಾರೆ. ಸುಮ್ಮನೆ ಮಂಪರಿನಲ್ಲಿ ಮಲಗಿ, ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚುವವರು ಕಡೆಗಣನೆಗೆ ಒಳಗಾಗುತ್ತಾರೆ. ‘ಪಾಪ, ಸುಸ್ತಾಗಿದೆ, ಮಲಗಲಿ’ ಎಂದು ಬಿಡದೆ ಅಂದೇ ಕರೆದುಕೊಂಡು ಹೋಗಿ.

8. ಪ್ರತಿಕ್ರಿಯೆ ಇಲ್ಲದವರ ಪಕ್ಕದಲ್ಲಿಯೂ ಮಾತು ಹಿಡಿತದಲ್ಲಿರಲಿ

ತಲೆಗೆ ಪೆಟ್ಟಾದವರ ಎಚ್ಚರವನ್ನು ಅಳೆಯಲು ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ ಅಳತೆ ಇಂದಿಗೂ ಎಲ್ಲ ಐಸಿಯುಗಳಲ್ಲಿದೆ. ಕಣ್ಣು ತೆರೆಯುವುದಕ್ಕೆ ನಾಲ್ಕು, ಮಾತಿಗೆ ಐದು, ಕೈಕಾಲಿನ ಚಲನೆಗೆ ಆರು, ಒಟ್ಟು 15. ತೀರಾ ಕೆಳಗಿನದು 3. ಇದು ಅಳೆಯುವುದು ಹೊರಗೆ ಕಾಣುವುದನ್ನು. ಒಳಗೆ ಅರಿವು ಉಳಿದು ಹೊರಗೆ ಬರುವ ದಾರಿ ಮಾತ್ರ ಮುಚ್ಚಿದ್ದರೆ?

2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಕೇಂಬ್ರಿಜ್‌ನಲ್ಲಿ, ರಸ್ತೆ ಅಪಘಾತದ ನಂತರ ಯಾವ ಪ್ರತಿಕ್ರಿಯೆಯೂ ಇಲ್ಲದಿದ್ದ 23 ವರ್ಷದ ಮಹಿಳೆಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಲು ಹೇಳಿದರು. ಆರೋಗ್ಯವಂತರಲ್ಲಿ ಬೆಳಗುವ ಮಿದುಳಿನ ಭಾಗವೇ ಆಕೆಯಲ್ಲೂ ಬೆಳಗಿತು. 2024ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರನೋಟಕ್ಕೆ ಏನೂ ಮಾಡದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಹೀಗೆ ಸೂಚನೆಯನ್ನು ಪಾಲಿಸುತ್ತಿತ್ತು. ಕಾಲು ಭಾಗದಷ್ಟು ಜನ!

ಹಾಸಿಗೆಯ ಪಕ್ಕ ನಿಂತು ಬಿಲ್ಲಿನ ಚರ್ಚೆ, ಆಸ್ತಿಯ ಚರ್ಚೆ, ‘ಇನ್ನು ಉಳಿಯಲ್ಲ ಬಿಡಿ’ ಎಂಬ ಮಾತು ಕೇಳಿಸಿದಾಗ ನಾನು ಅವರನ್ನು ಮೆಲ್ಲನೆ ಹೊರಗೆ ಕರೆದುಕೊಂಡು ಹೋಗುತ್ತೇನೆ. ಆಮೇಲೆ ಒಬ್ಬೊಬ್ಬರಾಗಿ ಒಳಗೆ ಕಳಿಸಿ, ಹೆಸರು ಹಿಡಿದು ಕರೆದು ಮನೆಯ ಸುದ್ದಿ ಹೇಳಿ ಎನ್ನುತ್ತೇನೆ.

9. ಗಟ್ಟಿ ನೆನಪಿನವರೂ ಪ್ರತಿಸಲ ಹೊಸದಾಗಿ ಕಟ್ಟುತ್ತಾರೆ

ನಮ್ಮ ಕರಾವಳಿಯ ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಒಂದೇ ಇದ್ದರೂ ಅರ್ಥಧಾರಿ ಪ್ರತಿ ರಾತ್ರಿಯೂ ಮಾತನ್ನು ಹೊಸದಾಗಿ ಹೇಳುತ್ತಾನಲ್ಲ, ನೆನಪೂ ಹಾಗೆ. ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದೂ ಇನ್ನು ಕೆಲವರಿಗೆ ‘ಬಡಿದಾಗ’ ಎಷ್ಟಿತ್ತು ಎಂದೂ ಕೇಳಿದರು. ವಾರದ ಮೇಲೆ ಒಡೆದ ಗಾಜು ನೋಡಿದಿರಾ ಎಂದು ಕೇಳಿದಾಗ, ಮೊದಲ ಗುಂಪಿನ 50 ಮಂದಿಯಲ್ಲಿ 16 ಜನ, ಎರಡನೆಯದರಲ್ಲಿ 7 ಜನ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್, ಸುದ್ದಿ ಕೇಳಿದಾಗ ಎಲ್ಲಿದ್ದಿರಿ ಎಂದು ವಿದ್ಯಾರ್ಥಿಗಳಿಂದ ಬರೆಸಿಟ್ಟಿದ್ದರು. ಎರಡೂವರೆ ವರ್ಷದ ಮೇಲೆ ಮತ್ತೆ ಬರೆದ 44 ಮಂದಿಯಲ್ಲಿ ಕಾಲುಭಾಗದವರ ಹೊಸ ಉತ್ತರದಲ್ಲಿ ಒಂದು ವಿವರವೂ ಹಳೆಯದಕ್ಕೆ ಹೊಂದಲಿಲ್ಲ. ತಮ್ಮ ಕೈಬರಹವನ್ನೇ ತೋರಿಸಿದರೂ ಹಳೆಯದು ಮರಳಿ ಬರಲಿಲ್ಲ.

ತಂದೆಯ ಕೊನೆಯ ಮಾತು ಏನಿತ್ತು ಎಂಬುದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನೋಡಿದ್ದೇನೆ. ಇಬ್ಬರೂ ಆಣೆ ಮಾಡುತ್ತಾರೆ, ಇಬ್ಬರೂ ಪ್ರಾಮಾಣಿಕರು. ನೆನಪಿನ ಸ್ಪಷ್ಟತೆ ಅದರ ಸತ್ಯಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದು ಗೊತ್ತಿದ್ದರೆ ಎದುರಿನವರನ್ನು ಸುಳ್ಳುಗಾರರೆನ್ನುವ ಮೊದಲು ನಾಲಿಗೆ ತಡೆಯುತ್ತದೆ.

10. ಸರಿಹೋಗುವ ಮರೆವೂ ಇದೆ

ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆ, ಕೇಳಿಸದ ಕಿವಿ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ದೆ, ಕೆಲವು ಮಾತ್ರೆಗಳು ಮರೆವಿನ ವೇಷದಲ್ಲಿ ಬರುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಪರೀಕ್ಷೆಯನ್ನು ಬಿಡಲೇಬಾರದು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಲಾನ್ಸೆಟ್ ಆಯೋಗದ 2024ರ ವರದಿ, ಕಿವುಡು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು ಶೇ. 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎನ್ನುತ್ತದೆ. ಕಿವಿಯ ಮಷೀನಿಗೆ ನಾಚಿಕೊಳ್ಳುವ ಹಿರಿಯರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

11. ಕನಸಿನಲ್ಲಿ ಕೈಯೆತ್ತುವವರ ಬಗ್ಗೆ

ಎಚ್ಚರ, ಕನಸು, ಗಾಢನಿದ್ರೆ ಎಂದು ನಮ್ಮ ಉಪನಿಷತ್ತುಗಳು ಅರಿವಿನ ಮಟ್ಟಗಳನ್ನು ಬಿಡಿಸಿ ನೋಡಿವೆ. ಅವುಗಳ ನಡುವಿನ ಗಡಿ ಸವೆದರೆ ಏನಾಗುತ್ತದೆಂದು ಆಸ್ಪತ್ರೆಯಲ್ಲಿ ಕಾಣುತ್ತೇವೆ. ಕನಸು ಬೀಳುವಾಗ ಮಿದುಳು ಮೈಯ ಸ್ನಾಯುಗಳನ್ನು ಸಡಿಲಗೊಳಿಸಿ ಮಲಗಿಸಿರುತ್ತದೆ. ಈ ತಡೆ ಹೋದವರು ಕನಸಿನಲ್ಲಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತ ಪಕ್ಕದಲ್ಲಿ ಮಲಗಿದ ಹೆಂಡತಿಗೆ ಗುದ್ದುತ್ತಾರೆ. ಮಿನೆಸೋಟದ ಶೆಂಕ್, ಮಹೊವಾಲ್ಡ್ 1986ರಲ್ಲಿ ಇದನ್ನು ವಿವರಿಸಿದರು. ಪಾರ್ಕಿನ್‌ಸನ್ ಅಥವಾ ಲೀವಿ ಬಾಡಿ ಡಿಮೆನ್ಶಿಯಾ ಕಾಣಿಸಿಕೊಳ್ಳುವ ವರ್ಷಗಳ ಮೊದಲೇ ಇದು ಬರಬಹುದು. ಐವತ್ತು ದಾಟಿದವರಲ್ಲಿ ಇದನ್ನು ಕಂಡರೆ ನಗೆಯಾಡದೆ ನರರೋಗ ವೈದ್ಯರಿಗೆ ತಿಳಿಸಿ.

12. ಅರಿವಿರುವಾಗಲೇ ಕೇಳಬೇಕಾದದ್ದನ್ನು ಕೇಳಿ

ಕಾಯಿಲೆಯ ಆರಂಭದಲ್ಲಿ ರೋಗಿಗೆ ತನಗೇನಾಗುತ್ತಿದೆಯೆಂಬ ಅರಿವು ಇರುತ್ತದೆ. ಮನೆಯವರು ಅವರ ಮುಂದೆ ಕಾಯಿಲೆಯ ಹೆಸರೆತ್ತುವುದಿಲ್ಲ, ಮನಸ್ಸಿಗೆ ನೋವಾಗುತ್ತದೆಂದು. ಆ ಮೌನದಲ್ಲೇ ಕೇಳುವ ಕಾಲ ಕಳೆದುಹೋಗುತ್ತದೆ. ಅರಿವು ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ, ಹೆಚ್ಚಿನವರಿಗೆ ಬೆಳಗಿನ ತಿಂಡಿಯಾದ ಮೇಲಿನ ಹೊತ್ತು ತಿಳಿಯಾಗಿರುತ್ತದೆ. ಆಗ ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ಮಾತು ಕೇಳಿ. ಪಿಂಚಣಿ ಯಾರು ನೋಡಿಕೊಳ್ಳಲಿ? ಯಾರ ಮನೆಯಲ್ಲಿರಲು ಇಷ್ಟ? ಮುಂದೆ ನುಂಗಲು ಆಗದಿದ್ದರೆ ಮೂಗಿನಿಂದ ನಳಿಕೆ ಹಾಕಿಸಬಹುದೇ? ಎರಡು ಮೂರು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ಉತ್ತರ ಅದೇ ಬಂದರೆ ಅದು ಅವರ ನಿಜವಾದ ಇಚ್ಛೆ ಎಂದು ನಾನು ನಂಬುತ್ತೇನೆ.

ಕಾನೂನಿನ ಆಸರೆಯೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತಮ್ಮ ಮಾನಸಿಕ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ಬರೆದಿಡಬಹುದು, ತಮ್ಮ ಪರವಾಗಿ ಮಾತಾಡುವವರನ್ನು ಹೆಸರಿಸಬಹುದು. ಬದುಕಿನ ಕೊನೆಯ ಹಂತದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಇಚ್ಛೆ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕೆಂದಿತು. ನಿವೃತ್ತ ಮೇಷ್ಟರೊಬ್ಬರು ಮಕ್ಕಳನ್ನು ಕೂರಿಸಿಕೊಂಡು, “ಬ್ಯಾಂಕು ಮಗ ನೋಡಲಿ. ನನ್ನ ಮೈ ವಿಷಯ ಮಗಳು ಹೇಳಿದ ಹಾಗೆ ಆಗಲಿ, ಅವಳಿಗೆ ನನ್ನ ನೋವು ಗೊತ್ತಾಗುತ್ತೆ” ಎಂದರು. ಮಗ ಅದನ್ನು ಅಪ್ಪನ ಮಾತಿನಲ್ಲೇ ಬರೆದುಕೊಂಡರು, ಮೇಷ್ಟರು ತಾರೀಖು ಹಾಕಿ ಸಹಿ ಮಾಡಿದರು. ಮರುವಾರ ಮಗಳು ಅದನ್ನು ನೋಟರಿಯ ಬಳಿಗೆ ಒಯ್ದರು, ಮೇಷ್ಟರನ್ನೂ ಜೊತೆಯಲ್ಲಿ ಕರೆದುಕೊಂಡು.